ಯಾದಿಯೊಳಗಿನ ಫೋನು

‘ಹೊಳೆಸಾಲು’ ವಾರಪತ್ರಿಕೆಯ ಆರನೆಯ ಪುಟದಲ್ಲಿ, ಮಂಗಲ ಕಾರ್ಯಾಲಯದ ಜಾಹೀರಾತಿನ ಮೇಲೆ, ‘ಹೊಸ ಸಾಮಾನು’ ಎಂಬ ಅಂಕಣ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವನು ನಾನು. ಹೆಸರು ಹಾಕುತ್ತಿರಲಿಲ್ಲ. ಜಮಖಂಡಿಯ ಆ ಪತ್ರಿಕೆಯ ಪ್ರೆಸ್ಸಿನಲ್ಲಿ ಟೈಪು ಮಾಡುವುದು, ಪುಟ ಜೋಡಿಸುವುದು ನನ್ನ ಖಾಯಂ ಕೆಲಸ. ಲಗ್ನಪತ್ರಿಕೆ, ಶ್ರದ್ಧಾಂಜಲಿ, ಚುನಾವಣೆಯ ಕರಪತ್ರ ಎಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದ್ದೆ. ಆದ್ದರಿಂದ ನನಗೆ ಇಂಗ್ಲಿಷು ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನನಗೆ ಮಾತ್ರ ಆ ನಂಬಿಕೆ ಇರಲಿಲ್ಲ.

ಅಂಕಣ ಶುರುಮಾಡಿಸಿದವರು ಸಂಪಾದಕರಾದ ವೇದವ್ಯಾಸರಾಯರು. ‘ಜ್ಞಾನೂ, ಹುಡುಗ್ರು ಪೇಪರ್ ಮುಟ್ಟವಲ್ರು. ಮೊಬೈಲಿನ ಸುದ್ದಿ ಹಾಕು. ಬಂದದ್ದರದ್ದಲ್ಲ, ಬರೋದರದ್ದು. ಬಂದದ್ದು ಅಂಗಡ್ಯಾಗ ಕಾಣಸ್ತದ, ಅದನ್ನ ಓದ್ಲಿಕ್ಕೆ ಯಾರು ರೊಕ್ಕ ಕೊಡ್ತಾರ?’ ಎಂದಿದ್ದರು.

ಅಂದಿನಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಾಲ್ಕೈದು ಇಂಗ್ಲಿಷ್ ಜಾಲತಾಣಗಳನ್ನು ತೆರೆದು ನೋಡುತ್ತಿದ್ದೆ. ಯಾವ ಕಂಪನಿಯ ಫೋನು ಯಾವ ತಿಂಗಳು ಬರಲಿದೆ, ಅದರ ಕ್ಯಾಮೆರಾ ಎಂಥದು, ಕಾರ್ಖಾನೆಯಿಂದ ಸೋರಿಬಂದ ಚಿತ್ರ ನಿಜವೋ ಸುಳ್ಳೋ. ಒಂದೇ ಕಡೆ ಕಂಡ ಸುದ್ದಿಯನ್ನು ಬರೆಯುತ್ತಿರಲಿಲ್ಲ. ಎರಡು ಕಡೆ ಕಂಡರೆ ಮಾತ್ರ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಡಿಕ್ಷನರಿ ಹಿಡಿದು, ಕನ್ನಡ ಮಾಡುತ್ತಿದ್ದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಪತ್ರಿಕೆ ಗುರುವಾರ ಹೊರಟರೆ ಶನಿವಾರದವರೆಗೆ ಅದನ್ನೇ ತೆಗೆದು ತೆಗೆದು ಓದುತ್ತಿದ್ದೆ. ಏನೋ ತಪ್ಪು ತಿಳಿದು ಬರೆದಿದ್ದೇನೆ, ಯಾರೋ ಅದನ್ನು ಹಿಡಿಯುತ್ತಾರೆ ಎಂದು.

ಯಾರೂ ಹಿಡಿಯಲಿಲ್ಲ. ಬದಲಿಗೆ ಹುನ್ನೂರಿನಿಂದ, ಬೀಳಗಿಯಿಂದ ಪ್ರೆಸ್ಸಿಗೆ ಫೋನು ಬರುತ್ತಿದ್ದವು. ‘ಆ ಮಡಚೂ ಫೋನ್ ಬಂತೇನ್ರಿ?’ ನಮ್ಮ ಓಣಿಯ ಮುದಕಪ್ಪಜ್ಜ, ಬಸ್ ಕಂಡಕ್ಟರನಾಗಿ ನಿವೃತ್ತನಾದವನು, ನನ್ನನ್ನು ಕಂಡಾಗಲೆಲ್ಲ, ‘ಏ ಜ್ಞಾನೂ, ರೊಟ್ಟಿ ಬಡಿಯೂ ಫೋನ್ ಯಾವಾಗ ಬರತೈತೋ? ಬಂದ್ರ ಮೊದಲ ನನಗ ಹೇಳು, ನಮ್ಮಕಿಗೆ ಪೆನ್ಶನ್ ಕೊಟ್ಟು ಕುಂದ್ರಸ್ತೀನಿ’ ಎನ್ನುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಆಷಾಢದಲ್ಲಿ ಬಿಸಿಲಿನ ಫೋನಿನ ಸುದ್ದಿ ಬಂತು. ಕೆಲ್ವೋರಾ ಎಂಬ ಹೊರದೇಶದ ಕಂಪನಿಯದು. ಫೋನಿನ ಬೆನ್ನಿಗೆ ಬಿಸಿಲು ಬಿದ್ದರೆ ಸಾಕು, ವೈರು ಹಚ್ಚದೆ ತಾನೇ ಚಾರ್ಜ್ ಆಗುತ್ತದೆ ಎಂದು ಮೂರು ತಾಣಗಳಲ್ಲಿ ಬಂದಿತ್ತು. ಹೆಸರು ‘ಕೆಲ್ವೋರಾ ಸನ್-3’. ದಸರೆಯ ಸುಮಾರಿಗೆ ಭಾರತಕ್ಕೆ ಬರುವ ಸಂಭವ. ನಾನು ಅಷ್ಟನ್ನೇ ಬರೆದೆ. ಆ ವಾರದ ಪತ್ರಿಕೆ ಕೈಯಿಂದ ಕೈಗೆ ಓಡಾಡಿತು. ಹಳ್ಳಿಗಳಲ್ಲಿ ದಿನಕ್ಕೆ ನಾಲ್ಕು ತಾಸು ಕರೆಂಟಿದ್ದರೆ ಹೆಚ್ಚು. ಜನ ಹಿಟ್ಟಿನ ಗಿರಣಿಯಲ್ಲಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಫೋನು ಚಾರ್ಜಿಗಿಟ್ಟು ಕಾಯುತ್ತಿದ್ದ ಕಾಲ. ಬಿಸಿಲನ್ನು ಮಾತ್ರ ನಮ್ಮ ಕಡೆಯವರು ಯಾರಿಂದಲೂ ಕೇಳಿ ತರಬೇಕಿರಲಿಲ್ಲ.

ಅದೇ ಹೊತ್ತಿಗೆ ನನ್ನ ತಂಗಿ ಅಂಜನಾಳಿಗೆ ಮುಧೋಳದ ಸಂಬಂಧ ಬಂತು.

ಅಂಜನಾಳಿಗೆ ಆಗ ಇಪ್ಪತ್ತೆಂಟು ವರ್ಷ. ನಮ್ಮದು ಶಿಂಪಿಗರ ಮನೆ. ಅಪ್ಪ ತುಕಾರಾಮ ಅಂಗಡಿಯಲ್ಲಿ ಗಂಡಸರ ಬಟ್ಟೆ ಹೊಲಿದರೆ, ಅವಳು ಮನೆಯ ಪಡಸಾಲೆಯಲ್ಲಿ ಜಂಪರು ಹೊಲಿಯುತ್ತಿದ್ದಳು, ಹತ್ತು ಹುಡುಗಿಯರಿಗೆ ಕಲಿಸುತ್ತಿದ್ದಳು. ಮೂರು ವರ್ಷದ ಹಿಂದೆ ಬನಹಟ್ಟಿಯ ಒಬ್ಬ ಹುಡುಗನ ಜೊತೆ ಅವಳ ಯಾದಿ ಆಗಿತ್ತು. ನಮ್ಮ ಕಡೆ ಎರಡೂ ಮನೆಯ ಹಿರಿಯರು ಕೂತು, ಯಾರು ಏನು ಕೊಡಬೇಕು, ಯಾರು ಯಾವ ಕಾರ್ಯ ಮಾಡಬೇಕು ಎಂದು ಕಾಗದದ ಮೇಲೆ ಬರೆದು, ಅರಿಶಿಣ ಕುಂಕುಮ ಹಚ್ಚಿ, ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಅದೇ ಯಾದಿ. ಯಾದಿ ಆಯಿತೆಂದರೆ ಅರ್ಧ ಲಗ್ನ ಆದ ಹಾಗೆ. ಬನಹಟ್ಟಿಯ ಹುಡುಗ ಇಚಲಕರಂಜಿಯಲ್ಲಿ ಮೊದಲೇ ಒಬ್ಬಳನ್ನು ಲಗ್ನವಾಗಿದ್ದನೆಂದು ಆಮೇಲೆ ತಿಳಿದು, ನಾವೇ ಯಾದಿ ಹರಿದೆವು. ಆದರೆ ಯಾದಿ ಹರಿದದ್ದು ಮಾತ್ರ ಜನರ ನೆನಪಿನಲ್ಲಿ ಉಳಿಯಿತು, ಕಾರಣ ಉಳಿಯಲಿಲ್ಲ. ಹುಡುಗಿಯಲ್ಲೇ ಏನೋ ಇರಬೇಕು ಎಂದರು. ಮೂರು ವರ್ಷ ಯಾರೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಮುಧೋಳದ ಹುಡುಗನ ಹೆಸರು ಅಜಯ. ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನೌಕರಿ. ಅವನ ತಂದೆ ಪಾಂಡುರಂಗ ಮಾಸ್ತರರು ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೊದಲ ದಿನವೇ ನಾನು ಅವರಿಗೆ ಬನಹಟ್ಟಿಯ ವಿಷಯವನ್ನು ಹೇಳಿಬಿಟ್ಟೆ. ಅಪ್ಪನಿಗೆ ಆ ಮಾತು ಆಡಲು ಬಾಯಿ ಏಳುತ್ತಿರಲಿಲ್ಲ. ಮಾಸ್ತರರು ಎಲ್ಲ ಕೇಳಿ, ‘ನೀವಾಗೇ ಹೇಳಿದ್ರಿ, ಛಲೋ ಆತು. ಮುಚ್ಚಿಟ್ಟಿದ್ರ ಮಾತ್ರ ನಾ ಎದ್ದು ಹೋಗ್ತಿದ್ದೆ’ ಎಂದರು.

ಶ್ರಾವಣದಲ್ಲಿ ನಮ್ಮ ಮನೆಯಲ್ಲೇ ಯಾದಿ ಇಟ್ಟುಕೊಂಡೆವು. ಅಕ್ಷರ ದುಂಡಗಿದೆ ಎಂದು ಬರೆಯಲು ನನ್ನನ್ನೇ ಕೂರಿಸಿದರು. ಮಾಸ್ತರರು ಹೆಚ್ಚೇನೂ ಕೇಳಲಿಲ್ಲ. ಹುಡುಗನಿಗೆ ಬಟ್ಟೆ, ಒಂದು ಉಂಗುರ, ಲಗ್ನ ಜಮಖಂಡಿಯಲ್ಲಿ. ಬರೆದು ಮುಗಿಯುವಷ್ಟರಲ್ಲಿ ನಮ್ಮ ಕಡೆಯ ಹಿರಿಯನಾಗಿ ಕೂತಿದ್ದ ಮುದಕಪ್ಪಜ್ಜ ಅಜಯನನ್ನು ಕೆಣಕಿದ.

‘ಎಲ್ಲಾ ನಿಮ್ಮಪ್ಪನ ಹೇಳಾಕತ್ತಾರ. ನಿನಗೇನ ಬೇಕಪಾ? ನಾಚಬ್ಯಾಡ. ಈಗ ಕೇಳಲಿಲ್ಲಂದ್ರ ಆಮ್ಯಾಲೆ ಚಾ ಬೇಕಾದ್ರೂ ಅಕಿನ್ನ ಕೇಳೇ ಕುಡೀಬೇಕಾಕ್ಕೈತಿ.’

ಎಲ್ಲರೂ ನಕ್ಕರು. ಅಜಯನ ಮುಖ ಕೆಂಪಾಯಿತು. ‘ಏನೂ ಬ್ಯಾಡ್ರಿ ಅಜ್ಜಾರ’ ಎಂದು ತಲೆ ತಗ್ಗಿಸಿ, ಸ್ವಲ್ಪ ತಡೆದು, ‘ನಿಮ್ಮ ಪೇಪರ್‌ನ್ಯಾಗ ಬಂದಿತ್ತಲ್ರಿ, ಬಿಸಿಲಿನ ಫೋನು… ಅದ ಬಂದ್ರ ನೋಡ್ರಿ’ ಎಂದ.

‘ಬರಿಯೋ ಜ್ಞಾನೂ! ನಿನ್ನ ಫೋನಿಗೆ ಗಿರಾಕಿ ಸಿಕ್ಕ’ ಎಂದು ಮುದಕಪ್ಪಜ್ಜ ನನ್ನ ಬೆನ್ನು ತಟ್ಟಿದ.

ಬಾಗಿಲ ಹಿಂದೆ ಅಂಜನಾ ನಗುವುದು ಕೇಳಿಸಿತು. ಮೂರು ವರ್ಷದ ಮೇಲೆ ಕೇಳಿದ ನಗು. ನಾನು ‘ಮೊಬೈಲ್ ಫೋನ್ ಒಂದು’ ಎಂದು ಬರೆದು ಬಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಅರೆಬರೆ ಬರೆಯಲು ಬರುವುದಿಲ್ಲ. ನಾಳೆ ಯಾವ ಫೋನು ಎಂಬ ತಕರಾರು ಬರಬಾರದೆಂದು, ‘ವರನಿಗೆ ಕೆಲ್ವೋರಾ ಸನ್-3, ಬಿಸಿಲಿನಿಂದ ಚಾರ್ಜ್ ಆಗುವ ಮೊಬೈಲ್ ಫೋನ್, ಒಂದು’ ಎಂದು ಎರಡೂ ಪ್ರತಿಯಲ್ಲಿ ಪೂರ್ತಿ ಬರೆದೆ. ಮಾಸ್ತರರು ಓದಿ, ‘ಭಾಳ ಕರಾರುವಾಕ್ ಮನಷ್ಯಾ ಅದೀರಿ ನೀವು’ ಎಂದು ಮೆಚ್ಚಿ ಸಹಿ ಹಾಕಿದರು. ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತ ಎಂದು ಮಾತಾಯಿತು.

ಅಂದಿನಿಂದ ಅಜಯ ದಿನಾ ಸಂಜೆ ಅಂಜನಾಳಿಗೆ ಫೋನು ಮಾಡುತ್ತಿದ್ದ. ಅವಳು ಹೊಲಿಗೆ ಬಿಟ್ಟು ಎದ್ದು ಮಾಳಿಗೆಗೆ ಹೋಗುತ್ತಿದ್ದಳು. ಕೆಳಗಿಳಿದು ಬಂದಾಗ ಅವಳ ಮುಖ ನೋಡಿ ಅವ್ವ ನನಗೆ ಕಣ್ಸನ್ನೆ ಮಾಡುತ್ತಿದ್ದಳು.

ದಸರೆ ಬಂತು, ಫೋನು ಬರಲಿಲ್ಲ. ದೀಪಾವಳಿಗೆ ಬರಬಹುದು ಎಂದು ತಾಣಗಳಲ್ಲಿ ಇತ್ತು; ಅದನ್ನೂ ಬರೆದೆ. ದೀಪಾವಳಿಯೂ ಹೋಯಿತು. ಅಪ್ಪ ಮಾಸ್ತರರಿಗೆ ಫೋನು ಮಾಡಿ, ಬೇರೆ ಒಳ್ಳೆಯ ಫೋನು ಕೊಡಿಸುತ್ತೇವೆ, ಮುಹೂರ್ತ ತೆಗೆಯೋಣ ಎಂದ. ಆಚೆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

‘ಫೋನಿನ ಸಲುವಾಗಿ ಅಲ್ರಿ ತುಕಾರಾಮಪ್ಪಾ. ಯಾದ್ಯಾಗ ಬರದದ್ದು ಬದಲ ಮಾಡಬೇಕಂದ್ರ ಯಾದಿ ಹರದು ಹೊಸಾದು ಮಾಡಬೇಕು. ಹಂಗ ಗೀಟ ಹೊಡಿಯಾಕ ಬರೂದಿಲ್ಲ, ನಮ್ಮ ಹಿರ್ಯಾರು ಒಪ್ಪೂದಿಲ್ಲ. ನಿಮ್ಮ ಹುಡುಗಿಗೆ ಒಮ್ಮೆ ಯಾದಿ ಹರದದ್ದ ಸಾಕು. ಎರಡನೇ ಸಲ ಹರದ್ರ ಜನ ಏನಂತಾರ ಹೇಳ್ರಿ? ತಡಾ ಆದ್ರ ಆಗಲಿ. ಹೆಂಗೂ ಕಾರ್ಖಾನಿ ಸೀಜನ್, ಹುಡುಗಗ ರಜಾ ಸಿಗೂದಿಲ್ಲ. ಮಾಘದಾಗ ಮಾಡೋಣು.’

ಅವರು ಅದನ್ನು ನಮ್ಮ ಒಳ್ಳೆಯದಕ್ಕೇ ಹೇಳಿದರು. ಈಗಲೂ ನನಗೆ ಅದರಲ್ಲಿ ಸಂಶಯವಿಲ್ಲ.

ನವೆಂಬರ್ ಎರಡನೆಯ ವಾರದ ಮಂಗಳವಾರ ಪ್ರೆಸ್ಸಿನಲ್ಲಿ ಕೂತು ತಾಣ ತೆರೆದಾಗ ನಾಲ್ಕು ಸಾಲಿನ ಸುದ್ದಿಯೊಂದು ಕಂಡಿತು. ಕೆಲ್ವೋರಾ ಕಂಪನಿ ಸನ್-3 ಮಾಡುವುದನ್ನು ಕೈಬಿಟ್ಟಿದೆ. ಬೆನ್ನು ಬಿಸಿಯಾಗಿ ಒಳಗಿನ ಬ್ಯಾಟರಿ ಉಬ್ಬುತ್ತಿತ್ತಂತೆ. ಇನ್ನು ಮುಂದೆಯೂ ಮಾಡುವ ವಿಚಾರವಿಲ್ಲ. ನಾನು ತಪ್ಪು ಓದಿರಬೇಕೆಂದು ಡಿಕ್ಷನರಿ ತೆಗೆದೆ. ಪ್ರತಿಯೊಂದು ಶಬ್ದ ನೋಡಿದೆ. ಇನ್ನೊಂದು ತಾಣ ತೆರೆದೆ. ಅಲ್ಲಿಯೂ ಅದೇ ಇತ್ತು.

ಎರಡು ಕಡೆ ಕಂಡ ಸುದ್ದಿ. ನನ್ನ ನಿಯಮದ ಪ್ರಕಾರ ಬರೆಯಬೇಕು.

ಬರೆದರೆ ಗುರುವಾರ ಮಾಸ್ತರರು ಓದುತ್ತಾರೆ. ಯಾದಿಯಲ್ಲಿ ಬರೆದ ವಸ್ತು ಜಗತ್ತಿನಲ್ಲೇ ಇಲ್ಲ ಎಂದಾದರೆ ಯಾದಿ ಹರಿಯಲೇಬೇಕು. ಅವರ ಮನೆಯ ಹಿರಿಯರು ಆಮೇಲೆ ಹೊಸದು ಬರೆಯಲು ಒಪ್ಪುತ್ತಾರೋ ಇಲ್ಲವೋ. ಎರಡನೆಯ ಯಾದಿ ಹರಿದ ಹುಡುಗಿಗೆ ಮೂರನೆಯದು ಯಾರು ಬರೆಯುತ್ತಾರೆ? ನಾನು ಅವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಕಡೆಗೆ, ‘ಕೆಲ್ವೋರಾ ಸನ್-3 ಬರುವುದು ಇನ್ನೂ ಕೆಲವು ತಿಂಗಳು ತಡವಾಗಲಿದೆ’ ಎಂದು ಟೈಪು ಮಾಡಿದೆ. ಒಂದು ವಾರ ಹೋಗಲಿ, ಅಜಯನಿಗೆ ಆಸೆ ತಗ್ಗಲಿ, ತೆಗೆದುಕೊಳ್ಳುವವರಾದ ಅವರಾಗಿಯೇ ಫೋನು ಬೇಡವೆಂದು ಯಾದಿಯ ಹಿಂದೆ ಒಂದು ಸಾಲು ಬರೆದುಕೊಟ್ಟರೆ ಅದು ಬದಲು ಮಾಡಿದಂತಲ್ಲ, ಹರಿಯದೆಯೂ ಮುಗಿಯಬಹುದು ಎಂದುಕೊಂಡೆ.

ಆ ಶನಿವಾರ ಅಂಜನಾ ಕೇಳಿದಳು. ‘ಅಣ್ಣಾ, ಫೋನ್ ಖರೇನ ಬರತೈತೇನ?’

‘ಪೇಪರ್‌ನ್ಯಾಗ ಓದಲಿಲ್ಲೇನ ನೀ?’

‘ಓದೇನಿ. ಅದಕ್ಕ ಕೇಳಾಕತ್ತೀನಿ. ನೀ ಬರದೀ ಅಂದ್ರ ಆತು ಬಿಡು.’ ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ಯಾಕೆ ಕೇಳಿದೆ ಎಂದು ನಾನು ತಿರುಗಿ ಕೇಳಬೇಕಿತ್ತು. ಕೇಳಲಿಲ್ಲ.

ಒಮ್ಮೆ ಬರೆದ ಮೇಲೆ ಮುಂದಿನದು ಕಷ್ಟವಾಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮರುವಾರ ‘ಚಾರ್ಜಿನ ಪರೀಕ್ಷೆ ನಡೆದಿದೆ’ ಎಂದು ಬರೆದೆ. ಅದರ ಮರುವಾರ ‘ಬಣ್ಣ ನಾಲ್ಕು’ ಎಂದೆ. ಯಾವ ತಾಣದಲ್ಲೂ ಇಲ್ಲದ ಸುದ್ದಿಗಳು. ಡಿಕ್ಷನರಿ ಬೇಕಾಗುತ್ತಿರಲಿಲ್ಲ. ವಿಚಿತ್ರವೆಂದರೆ ಶನಿವಾರದವರೆಗೆ ತೆಗೆದು ತೆಗೆದು ಓದುವುದೂ ನಿಂತುಹೋಯಿತು. ಇದರಲ್ಲಿ ತಪ್ಪು ಹಿಡಿಯಲು ಯಾರಿಗೂ ಸಾಧ್ಯವಿರಲಿಲ್ಲ.

ಡಿಸೆಂಬರಿನಲ್ಲಿ ವೇದವ್ಯಾಸರಾಯರು ಕರೆದರು. ‘ಏನಪಾ ಇದು, ವಾರಾ ವಾರಾ ಬರ್ತದ ಬರ್ತದ. ಜನ ನನಗ ಬೈಲಿಕತ್ತಾರ. ಒಂದೋ ಬಂತು ಅಂತ ಬರಿ, ಇಲ್ಲಾ ಬರೂದಿಲ್ಲ ಅಂತ ಬರಿ. ಎರಡೂ ಆಗೂದಿಲ್ಲ ಅಂದ್ರ ಆ ಫೋನಿನ ಸುದ್ದಿ ಬಂದ್ ಮಾಡು.’

ಬಂದ್ ಮಾಡಿದರೆ ಮುಧೋಳದವರು ಯಾಕೆಂದು ಕೇಳುತ್ತಿದ್ದರು. ಬರುವುದಿಲ್ಲ ಎಂದು ಬರೆಯಲು ಒಂದು ತಿಂಗಳು ತಡವಾಗಿಹೋಗಿತ್ತು. ಆ ವಾರ ನಾನು ಹೀಗೆ ಬರೆದೆ: ‘ಬಹುದಿನಗಳಿಂದ ಕಾಯುತ್ತಿರುವ ಬಿಸಿಲಿನ ಫೋನು ಮುಂಬೈಯಲ್ಲಿ ಕೆಲವೇ ಗ್ರಾಹಕರ ಕೈಸೇರಿದೆ. ನಮ್ಮ ಭಾಗಕ್ಕೆ ಬರಲು ಸಮಯ ಹಿಡಿಯಲಿದೆ.’ ಪುಟ ಜೋಡಿಸುವಾಗ ಮತ್ತೊಮ್ಮೆ ಓದಿದೆ. ಎಲ್ಲಿಯೂ ಅಕ್ಷರ ತಪ್ಪಿರಲಿಲ್ಲ.

ಸಂಕ್ರಾಂತಿಯಾದ ಮೇಲಿನ ಭಾನುವಾರ ಬೆಳಿಗ್ಗೆ ಮಾಸ್ತರರೂ ಅಜಯನೂ ಹೇಳದೆ ಕೇಳದೆ ಬಂದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಬಸ್ಸು ತಡವಾಯಿತೆಂದು ಮಾಸ್ತರರು ಹೇಳಿದರು. ಮುಹೂರ್ತದ ಮಾತಿಗೆ ಬಂದಿದ್ದಾರೆಂದು ಅವ್ವ ಅಡುಗೆಮನೆಯಲ್ಲಿ ಶಿರಾಕ್ಕೆ ರವೆ ಹುರಿಯತೊಡಗಿದಳು. ಅಪ್ಪ ಮುದಕಪ್ಪಜ್ಜನನ್ನು ಕೂಗಿ ಕರೆದ. ಮಾಸ್ತರರು ಕುಡಿಯಲು ನೀರೂ ಮುಟ್ಟದೆ, ಅಂಗಿಯ ಜೇಬಿನಿಂದ ಪತ್ರಿಕೆಯ ಒಂದು ತುಣುಕು ತೆಗೆದು ತೊಡೆಯ ಮೇಲೆ ಬಿಡಿಸಿದರು.

‘ಮುಂಬೈದಾಗ ಸಿಗಾಕತ್ತೈತಿ ಅಂತ ಇದರಾಗ ಐತಿ. ದಾದರಿನ್ಯಾಗ ನಮ್ಮ ಷಡ್ಕ ಇರತಾನ್ರಿ. ನಿಮಗ ಯಾಕ ತ್ರಾಸ, ನಾನ ತರಿಸಿ ನಿಮ್ಮ ಕೈಯಾಗ ಇಟ್ರ ನೀವ ಕೊಟ್ಟಂಗ ಆಕ್ಕೈತಿ, ಯಾದಿನೂ ಹಂಗ ಉಳೀತೈತಿ ಅಂತ ಅವಗ ಹೇಳಿದ್ದೆ. ಪಾಪ, ಎರಡ ದಿನ ಅಂಗಡಿ ಅಂಗಡಿ ತಿರಿಗ್ಯಾನ. ಎಲ್ಲಾರೂ ನಕ್ಕಾರ. ಕಡೀಕ ಒಬ್ಬ ಅಂಗಡಿಯಂವ ಕಂಪ್ಯೂಟರ್‌ನ್ಯಾಗ ತಗದು ತೋರಿಸ್ಯಾನ. ಕಂಪನಿಯವರು ಈ ಫೋನ್ ಮಾಡೂದ ಬಿಟ್ಟ ಎರಡ ತಿಂಗಳಾತಂತ.’ ಅವರು ನನ್ನತ್ತ ನೋಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನನ್ನು ಬೋರ್ಡಿಗೆ ಕರೆದ ಹಾಗಿತ್ತು. ‘ನವೆಂಬರ್‌ದಾಗ ಬಿಟ್ಟದ್ದು ಡಿಸೆಂಬರ್‌ದಾಗ ಮುಂಬೈದಾಗ ಹೆಂಗ ಬಂತ್ರಿ? ಇದನ್ನ ಬರದವ್ರು ಯಾರು?’

‘ಪೇಪರ್‌ನ್ಯಾಗ ನೂರಾ ಎಂಟು ಬರೀತಾರ, ಅದನ್ನ ತಲಿಗೆ ಹಚ್ಚಿಕೊಂತಾರೇನ್ರಿ ಮಾಸ್ತರ?’ ಎಂದು ಮುದಕಪ್ಪಜ್ಜ ತೇಲಿಸಲು ನೋಡಿದ. ಯಾರೂ ನಗಲಿಲ್ಲ.

‘ನಾನ ಬರದೇನ್ರಿ’ ಎಂದೆ.

‘ಯಾರ ಹೇಳಿದ್ದು ಕೇಳಿ ಬರದ್ರಿ?’

‘ಯಾರೂ ಹೇಳಿಲ್ರಿ. ಫೋನ್ ಬರೂದಿಲ್ಲಂತ ನನಗ ನವೆಂಬರ್‌ದಾಗ ಗೊತ್ತಾಗಿತ್ತು. ಆಮ್ಯಾಲಿಂದ ಎಲ್ಲಾ ನಾನ ಹುಟ್ಟಿಸಿ ಬರದೇನ್ರಿ. ಯಾದಿ ಹರೀಬಾರ್ದಂತ…’

ಅಪ್ಪ ನನ್ನನ್ನು ನೋಡಿದ. ಅಡುಗೆಮನೆಯಲ್ಲಿ ಸೌಟಿನ ಸಪ್ಪಳ ನಿಂತಿತ್ತು.

ಮೊದಲು ಮಾತಾಡಿದವನು ಅಜಯ. ‘ನಾ ಫೋನ್ ಬೇಕಂತ ಹಠಾ ಹಿಡದಿದ್ದಿಲ್ರಿ ಅಣ್ಣಾರ. ನಗಚಾಟಿಗೆ ಅಂದದ್ದು ಅದು. ದೀಪಾವಳಿ ಆದ ಮ್ಯಾಲೆ ಅಂಜನಾಗ ನಾನ ಹೇಳಿದ್ದೆ, ಫೋನ್ ಬ್ಯಾಡ, ನಮ್ಮಪ್ಪಗ ಹೇಳಿ ಯಾದಿ ಹಿಂದ ಒಂದ ಸಾಲ ಬರಸ್ತೀನಿ, ಮುಗಸೂಣು ಅಂತ. ಅಕಿನ ಒಪ್ಪಲಿಲ್ಲ. ಬರದದ್ದು ಬಿಟ್ರ ನಮ್ಮ ಮನಿಗೆ ಕಡಿಮಿ, ನಮ್ಮಣ್ಣ ಬರತೈತಿ ಅಂತ ಬರದಾನ, ಅಂವ ಸುಳ್ಳ ಬರಿಯೂದಿಲ್ಲ ಅಂದ್ಲು.’

ಸೂಜಿಗೆ ದಾರ ಪೋಣಿಸುತ್ತ ಅವಳು ಯಾಕೆ ಕೇಳಿದ್ದಳೆಂದು ನನಗೆ ಆಗ ತಿಳಿಯಿತು. ಅವತ್ತು ನಾನು ಬರುವುದಿಲ್ಲ ಎಂದಿದ್ದರೆ ಸಾಕಿತ್ತು. ಆ ರಾತ್ರಿಯೇ ಎಲ್ಲ ಮುಗಿದು, ಮಾಘದಲ್ಲಿ ಲಗ್ನವಾಗುತ್ತಿತ್ತು.

‘ಮಾಸ್ತರ, ತಪ್ಪ ಆಗೈತ್ರಿ ಹುಡುಗಂದು’ ಎಂದ ಅಪ್ಪ. ‘ಬೇಕಾದ ಫೋನ್ ಕೊಡಸ್ತೀವಿ. ಹೊಸಾ ಯಾದಿ ಮಾಡೋಣು.’

‘ಫೋನಿಂದು ಬಿಡ್ರಿ ತುಕಾರಾಮಪ್ಪಾ. ಇಲ್ಲದಿದ್ರೂ ನಡೀತಿತ್ತು.’ ಮಾಸ್ತರರು ಪತ್ರಿಕೆಯ ತುಣುಕನ್ನು ಮತ್ತೆ ಮಡಚುತ್ತಿದ್ದರು, ನಾಲ್ಕು ಮಡಿಕೆ, ಎಂಟು ಮಡಿಕೆ. ‘ನನಗ ಚಿಂತಿ ಆಗಿದ್ದು ಬ್ಯಾರೆ. ಬನಹಟ್ಟಿ ಹುಡುಗಂದು ಮೊದಲ ಲಗ್ನ ಆಗಿತ್ತು, ಅದಕ್ಕ ಯಾದಿ ಹರದ್ವಿ ಅಂತ ನಮಗ ಹೇಳಿದವ್ರು ಯಾರು? ಇವ್ರ. ನೀವು ಹೇಳಲಿಲ್ಲ, ಇವ್ರ ಹೇಳಿದ್ರು. ನಾವು ಯಾರನ್ನೂ ಹೋಗಿ ಕೇಳಲಿಲ್ಲ. ಇಷ್ಟ ಕರಾರುವಾಕ್ ಮನಷ್ಯಾ ಹೇಳಿದ ಮ್ಯಾಲೆ ಕೇಳೂದೇನೈತಿ ಅಂತ ಬಿಟ್ವಿ.’

‘ಅದು ಖರೆ ಐತ್ರಿ! ಅದು ಖರೇನ ಖರೆ ಐತಿ!’ ಎಂದು ಕೂಗಿಬಿಟ್ಟೆ. ನನ್ನ ಕೂಗೇ ಸುಳ್ಳು ಹೇಳುವವನ ಕೂಗಿನ ಹಾಗೆ ನನಗೆ ಕೇಳಿಸಿತು.

‘ನಾ ಸಾಕ್ಷಿ ಅದೇನ್ರಿ ಮಾಸ್ತರ’ ಎಂದ ಮುದಕಪ್ಪಜ್ಜ.

‘ನೀವು ಓಣಿಯವ್ರು. ನೀವ ಅಲ್ಲದ ಮತ್ತ್ಯಾರ ಹೇಳಬೇಕು?’

ಅಂಜನಾ ಬಾಗಿಲಿಗೆ ಬಂದು ನಿಂತದ್ದು ಆಗ. ಕೈಯಲ್ಲಿ ಶಿರಾದ ತಾಟುಗಳಿದ್ದವು. ಅವುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೇಳಿದಳು. ‘ಮಾವಾರ, ಬನಹಟ್ಟಿದು ಅಣ್ಣ ಹೇಳಿದ್ದು ಖರೆ ಐತ್ರಿ. ಬೇಕಾದ್ರ ಇಚಲಕರಂಜಿಗೆ ಹೋಗಿ ಕೇಳ್ರಿ.’

ಮಾಸ್ತರರು ಬಹಳ ಹೊತ್ತು ಅವಳನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತೆಂದು ಮುದಕಪ್ಪಜ್ಜ ಆಮೇಲೆ ಹೇಳಿದ. ನಾನು ನೆಲ ನೋಡುತ್ತಿದ್ದೆ.

‘ಇರಬಹುದವ್ವಾ. ಖರೇನ ಇರಬಹುದು. ಹೋಗಿ ಕೇಳಿದ್ರ ಒಂದ ಮಾತ ಗೊತ್ತಾಕ್ಕೈತಿ. ನಾಳೆ ಇನ್ನೊಂದ ಮಾತ ಬಂದ್ರ ಮತ್ತ ಎಲ್ಲಿಗೆ ಹೋಗಿ ಕೇಳ್ಲಿ? ಹಂಗ ಊರೂರು ಕೇಳ್ಕೋಂತ ಸಂಬಂಧ ಮಾಡಾಕ ನನಗ ವಯಸ್ಸಿಲ್ಲ.’

ಅವರು ತಮ್ಮ ಪ್ರತಿಯ ಯಾದಿಯನ್ನು ಹೊರಸಿನ ಮೇಲೆ ಇಟ್ಟು ಎದ್ದರು. ಅಜಯ ಎದ್ದೇಳಲಿಲ್ಲ. ‘ಅಪ್ಪಾ’ ಎಂದ, ಅಷ್ಟೇ. ಮಾಸ್ತರರು ಬಾಗಿಲಲ್ಲಿ ನಿಂತು ಕಾದರು. ಮಗನನ್ನು ಕರೆಯಲಿಲ್ಲ, ಗದರಲಿಲ್ಲ, ಸುಮ್ಮನೆ ಕಾದರು. ಕಡೆಗೆ ಅವನು ಎದ್ದು, ಅಂಜನಾಳ ಕೈಯಿಂದ ತಾಟುಗಳನ್ನು ತೆಗೆದುಕೊಂಡು ನೆಲದ ಮೇಲಿಟ್ಟು, ಹೊರಗೆ ನಡೆದ. ಆ ಸಂಜೆ ಅವನ ಫೋನು ಬರಲಿಲ್ಲ. ಒಂದು ವಾರದ ಮೇಲೆ ಒಮ್ಮೆ ಬಂತು, ಅವಳು ಎತ್ತಲಿಲ್ಲ. ಫಾಲ್ಗುಣದಲ್ಲಿ ಅವನಿಗೆ ಅಥಣಿಯ ಕಡೆಯ ಹುಡುಗಿ ಗೊತ್ತಾದಳೆಂದು ಕೇಳಿದೆವು.

ನಾನು ಮಾಡಬಹುದಾಗಿದ್ದ ಒಂದೇ ಒಂದು ಕೆಲಸ ತಿದ್ದುಪಡಿ ಹಾಕುವುದು. ವೇದವ್ಯಾಸರಾಯರು ಒಪ್ಪಲಿಲ್ಲ. ‘ಒಂದು ಸುಳ್ಳು ಅಂದ್ರ ಉಳದದ್ದೆಲ್ಲಾ ಸುಳ್ಳು ಅಂತಾರ. ಸುಮ್ಮನಿರು, ಮರೀತಾರ.’ ಹಾಕದಿದ್ದರೆ ಕೆಲಸ ಬಿಡುತ್ತೇನೆ ಎಂದ ಮೇಲೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಎರಡು ಸಾಲು ಹಾಕಲು ಬಿಟ್ಟರು. ಆ ಎರಡು ಸಾಲನ್ನು ಹನ್ನೊಂದು ಸಲ ಬರೆದೆ. ಅಂಕಣ ನಿಲ್ಲಿಸಿದೆ.

ಮುಂದಿನ ವಾರ ಹುನ್ನೂರಿನಿಂದ ಒಬ್ಬನ ಫೋನು ಬಂತು. ‘ಬಿಸಿಲಿನ ಫೋನ್ ಮುಂಬೈಗೆ ಬಂದೈತಂತಲ್ರಿ, ನಮ್ಮ ಕಡೆ ಯಾವಾಗ?’

‘ಬಂದಿಲ್ರಿ. ಅದು ಸುಳ್ಳ ಸುದ್ದಿ. ನಾನ ಸುಳ್ಳ ಬರದಿದ್ದೆ.’

‘ನಿಮಗ ಗೊತ್ತಿರಾಕಿಲ್ಲ ಬಿಡ್ರಿ. ಪೇಪರ್‌ನ್ಯಾಗ ಬಂದಿತ್ತು’ ಎಂದು ಇಟ್ಟುಬಿಟ್ಟ.

ಅಂಜನಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಹೇಳಬಹುದಾಗಿತ್ತು. ಊಟಕ್ಕೆ ಕರೆಯುತ್ತಿದ್ದಳು, ಅಂಗಿಯ ಗುಂಡಿ ಹಚ್ಚಿಕೊಡುತ್ತಿದ್ದಳು. ಹುಡುಗಿಯರಿಗೆ ಹೊಲಿಗೆ ಕಲಿಸುವುದನ್ನು ಮಾತ್ರ ಬಿಟ್ಟಳು. ಅಥವಾ ಅವರ ತಾಯಂದಿರು ಕಳಿಸುವುದನ್ನು ಬಿಟ್ಟರು. ಯಾವುದು ಮೊದಲೆಂದು ನನಗೆ ಗೊತ್ತಿಲ್ಲ. ಒಂದು ದಿನ ಜಂಪರು ಒಯ್ಯಲು ಬಂದ ಯಂಕವ್ವ ಅವಳನ್ನು ಕೇಳುತ್ತಿದ್ದಳು. ‘ಯಾಕವಾ, ಎಲ್ಲಾ ಗಟ್ಟಿ ಆಗಿತ್ತಲ್ಲ? ಮತ್ತೇನಾತು?’

‘ಫೋನ್ ಬರಲಿಲ್ರಿ ಅತ್ತಿ. ಯಾದ್ಯಾಗ ಬರದಿತ್ತು. ಕಂಪನಿಯವ್ರು ಮಾಡಲಿಲ್ಲ’ ಎಂದಳು ಅಂಜನಾ.

‘ಅಯ್ಯ! ಒಂದ ಫೋನಿನ ಸಲುವಾಗಿ? ಎಂಥಾ ಮಂದಿನವ್ವ ಅವ್ರು!’

ಯಂಕವ್ವ ಹೋದ ಮೇಲೆ ನಾನು ಕೇಳಿದೆ. ‘ಹಂಗ್ಯಾಕ ಹೇಳಿದಿ? ಮಾಸ್ತರದು ಏನ ತಪ್ಪೈತಿ? ನನ್ನ ಹೆಸರ ಹೇಳಬೇಕಿತ್ತು.’

ಅವಳು ಮಶಿನ್ನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು. ‘ನಿನ್ನ ಹೆಸರ ಹೇಳಿದ್ರ ನಿನಗ ಯಾರ ಹೆಣ್ಣ ಕೊಡ್ತಾರ? ಈ ಮನ್ಯಾಗ ಒಂದರ ಲಗ್ನ ಆಗಬ್ಯಾಡೇನು?’

‘ನಿನ್ನದಾಗದ ನಂದ ಹೆಂಗ…’

‘ನಂದು ಆಗೂದಿಲ್ಲಣ್ಣಾ. ಅದನ್ನರ ಖರೆ ತಿಳ್ಕೋ.’

ಅಪ್ಪ ಎರಡು ವರ್ಷ ಕಾದ. ಹದಿನೇಳನೆಯ ಇಸವಿಯಲ್ಲಿ ಬೀಳಗಿಯ ಕಡೆಯವರು ನನ್ನನ್ನು ನೋಡಲು ಬಂದರು. ನನಗೆ ಮೂವತ್ತಮೂರು ಮುಗಿದಿತ್ತು. ಬಂದರೆ ಮೊದಲು ಎಲ್ಲ ಹೇಳಿಬಿಡುತ್ತೇನೆ ಎಂದು ನಾನು ನಿರ್ಧಾರ ಮಾಡಿದ್ದೆ. ಹೇಗೆ ಶುರು ಮಾಡಬೇಕು, ಯಾವ ಮಾತಿನ ಮೇಲೆ ಯಾವ ಮಾತು, ಎಲ್ಲ ಹಾಳೆಯ ಮೇಲೆ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಹುಡುಗಿಯ ಸೋದರಮಾವ, ಬಾಯಿತುಂಬ ನಗುವ ಮನುಷ್ಯ, ಚಹ ಕುಡಿಯುತ್ತ ತಾನೇ ಕೇಳಿದ. ‘ತಂಗಿದು ಇನ್ನೂ ಆಗಿಲ್ಲಂತ? ಮುಧೋಳದ್ದು ಯಾಕ ಬಿಟ್ಟೋತ್ರಿ?’

ಅಪ್ಪ ನನ್ನನ್ನು ನೋಡಿದ. ನಾನು ಬಾಯಿ ತೆರೆದೆ. ಬಾಯಿಪಾಠದ ಮೊದಲ ಮಾತು ನಾಲಿಗೆಯ ಮೇಲೆ ಇತ್ತು. ಅಷ್ಟರಲ್ಲಿ ಖಾರಾದ ತಾಟು ಹಿಡಿದು ಬಂದ ಅಂಜನಾ, ಹಬ್ಬದ ಮಾತು ಹೇಳುವ ಹಾಗೆ ಹಗುರವಾಗಿ ಹೇಳಿದಳು.

‘ಫೋನ್ ಬರಲಿಲ್ರಿ ಮಾಮಾರ, ಅದಕ್ಕ ವರಾನೂ ಬರಲಿಲ್ಲ.’

ಸೋದರಮಾವ ಚಹ ಚೆಲ್ಲುವ ಹಾಗೆ ನಕ್ಕ. ಅವನ ಕಡೆಯವರು ನಕ್ಕರು. ಮುದಕಪ್ಪಜ್ಜ ನಗಲಿಲ್ಲ, ಗೋಡೆಯ ಕಡೆ ನೋಡಿದ. ನಾನು ಬಾಯಿ ತೆರೆದೇ ಇದ್ದೆ, ಆದ್ದರಿಂದ ನಗುವುದು ಸುಲಭವಾಯಿತು. ನಕ್ಕೆ. ಅಂಜನಾ ನಾವೆಲ್ಲ ನಕ್ಕು ಮುಗಿಸುವ ತನಕ ನಿಂತಿದ್ದು, ಆಮೇಲೆ ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದಳು.